ಗದ್ದಲದಲ್ಲೂ ಪದ ಕೇಳಬೇಕು: ಸ್ವಂತ ಕನ್ನಡ ರಾಕ್ ಹಾಡು ಕಟ್ಟಿ, ರೆಕಾರ್ಡ್ ಮಾಡಿ, ವೇದಿಕೆಗೆ ತರುವ ಸಮಗ್ರ ಮಾರ್ಗದರ್ಶಿ

ನಮ್ಮ ಬ್ಯಾಂಡಿನ ಮೊದಲ ಹಾಡು ರೆಕಾರ್ಡ್ ಆದ ವಾರ ಅದನ್ನು ದೊಡ್ಡಮ್ಮನಿಗೆ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದು ಕೈಗೆ ಕೊಡುತ್ತಾ, "ಮರದಿಂದ ಏನಪ್ಪಾ ಹಾನಿ ಆಯ್ತು?" ಅಂದರು. ನಾವು ಬರೆದಿದ್ದು ಮರದ ಹನಿ. ಮಳೆ ನಿಂತ ಮೇಲೂ ಎಲೆಯಿಂದ ತೊಟ್ಟಿಕ್ಕುವ ಹನಿ. ದೊಡ್ಡಮ್ಮನ ಕಿವಿಯಲ್ಲಿ ತಪ್ಪಿರಲಿಲ್ಲ. ನಾವೇ ಅದನ್ನು 'ಹಾನಿ' ಎಂದು ಹಾಡಿದ್ದೆವು. ಡ್ರಮ್ಸ್ ಚೆನ್ನಾಗಿ ಬಂದಿದೆ, ಗಿಟಾರ್ ದಪ್ಪವಾಗಿ ಕೂತಿದೆ ಎಂದು ಹಿಗ್ಗುತ್ತಿದ್ದ ನಾಲ್ಕೂ ಜನ, ಹಾಡಿನ ಅರ್ಥವೇ ಮುರಿದಿದ್ದನ್ನು ಗಮನಿಸಿರಲಿಲ್ಲ.

ಆಮೇಲೆ ನಾವು ಕೆಲಸ ಮಾಡುವ ಕ್ರಮವೇ ಬದಲಾಯಿತು. ಹಾಡು ಬರೆಯುವಾಗ, ಬ್ಯಾಂಡು ಒಟ್ಟಿಗೆ ಅಭ್ಯಾಸ ಮಾಡುವ ಜ್ಯಾಮ್ ರೂಮಿನಲ್ಲಿ, ಸ್ಟುಡಿಯೋದಲ್ಲಿ, ಪೆಂಡಾಲಿನಲ್ಲಿ, ಎಲ್ಲ ಕಡೆಯೂ ಮೊದಲು ಕೇಳುವ ಪ್ರಶ್ನೆ ಒಂದೇ: ಪದ ಕೇಳುತ್ತಿದೆಯಾ? ಈ ಮಾರ್ಗದರ್ಶಿ ಆ ಪ್ರಶ್ನೆಯ ಸುತ್ತಲೇ ಇದೆ. ಡ್ರಮ್ಸ್, ಬೇಸ್, ಒಂದೋ ಎರಡೋ ಗಿಟಾರ್, ಒಂದು ಕಂಠ ಇರುವ, ಕನ್ನಡದಲ್ಲಿ ಸ್ವಂತ ಹಾಡು ಮಾಡಬೇಕು ಅಂದುಕೊಂಡಿರುವ ಗೆಳೆಯರಿಗಾಗಿ ಬರೆದಿದ್ದೇನೆ.

ಬೆಂಗಳೂರಿಗೆ ರಾಕ್ ಹೊಸದೇನಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿ ಹೋದರು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಇದೇ ಊರಿನ ಬ್ಯಾಂಡ್, ಆದರೆ ಹಾಡಿದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಕ್ಕೆ ಬೇಸು, ಡ್ರಮ್ಮು ಜೊತೆಯಾದಾಗ ಕನ್ನಡ ಬಾರದವರೂ ಕುಣಿದರು. ದಾರಿ ಇದೆ ಅಂತ ಗೊತ್ತಾಗಿ ಬಹಳ ವರ್ಷವಾಯಿತು. ಆ ದಾರಿಯಲ್ಲಿ ನಡೆಯುವುದು ಹೇಗೆ ಅನ್ನುವುದನ್ನು ಮಾತ್ರ ಪ್ರತಿ ಬ್ಯಾಂಡೂ ಮೊದಲಿನಿಂದ ಕಲಿಯುತ್ತಿದೆ.

ಮೊದಲು ತಿಂಗಳ ಲೆಕ್ಕ

ನವೆಂಬರ್ ಇಟ್ಟುಕೊಂಡು ಹಿಂದಕ್ಕೆ ಎಣಿಸಿ. ರಾಜ್ಯೋತ್ಸವದ ತಿಂಗಳಲ್ಲಿ ಬಡಾವಣೆ, ಅಪಾರ್ಟ್‌ಮೆಂಟು, ಕಾಲೇಜು, ಕಂಪನಿ ಎಲ್ಲ ಕಡೆ ಕನ್ನಡದ ವೇದಿಕೆ ಏಳುತ್ತದೆ. ನಮ್ಮಂಥವರಿಗೆ ವರ್ಷದ ಸುಗ್ಗಿ ಅದು. ಹಾಗಾಗಿ ಮೇ, ಜೂನ್ ಹಾಡು ಕಟ್ಟಲು, ಜುಲೈ ಡೆಮೊಗೆ (ಒರಟು ಕರಡು ಮುದ್ರಣ), ಆಗಸ್ಟ್ ರೆಕಾರ್ಡಿಂಗ್‌ಗೆ, ಸೆಪ್ಟೆಂಬರ್ ಮಿಕ್ಸ್ (ಎಲ್ಲ ದನಿಗಳನ್ನು ಹದವಾಗಿ ಬೆರೆಸುವುದು) ಮತ್ತು ಬೆರೆಸಿದ ಹಾಡಿಗೆ ಕೊನೆಯ ಹೊಳಪು ಕೊಡುವ ಮಾಸ್ಟರಿಂಗ್‌ಗೆ, ಅಕ್ಟೋಬರ್ ಬಿಡುಗಡೆಗೆ. ಹಾಡು ನಾಲ್ಕೇ ಇರಲಿ. ಹತ್ತು ಹಾಡಿನ ಆಲ್ಬಮ್ ಎಂದು ಹೊರಟು ಮೂರನೇ ಹಾಡಿಗೆ ದುಡ್ಡೂ ಸ್ನೇಹವೂ ಮುಗಿದ ಬ್ಯಾಂಡುಗಳನ್ನು ಕಂಡಿದ್ದೇನೆ.

ಹೆಜ್ಜೆ 1: ಸಾಲಿಗೆ ಪ್ರಸ್ತಾರ ಹಾಕಿ

ಹೈಸ್ಕೂಲಿನಲ್ಲಿ ಪರೀಕ್ಷೆಗೆಂದು ಕಲಿತು ಮರೆತ ಛಂದಸ್ಸು ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರಸ್ತಾರ ಅಂದರೆ ಅಕ್ಷರಗಳ ಉದ್ದವನ್ನು ಮಾತ್ರೆಯಲ್ಲಿ ಎಣಿಸುವುದು. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. ಇಷ್ಟು ಸಾಕು. ನಮ್ಮ ಆ ಹಾಡಿನ ಪಲ್ಲವಿ ಇದು:

ಮಳೆಯು ನಿಂತರು ಮರದ ಹನಿಗಳು
ನಿಲ್ಲಲಿಲ್ಲವೊ ಹೆಂಚಿನಂಚಲಿ

ಎಣಿಸಿ ನೋಡಿ. 'ಮಳೆಯು' ಮೂರು, 'ನಿಂತರು' ನಾಲ್ಕು, 'ಮರದ' ಮೂರು, 'ಹನಿಗಳು' ನಾಲ್ಕು. ಎರಡನೇ ಸಾಲಿಗೂ ಅದೇ ನಡೆ. ಭಾಮಿನಿ ಷಟ್ಪದಿಯ ನಡೆ ಇದು. ತಾಳದ ಭಾಷೆಯಲ್ಲಿ ಮಿಶ್ರ ಚಾಪು, ತಕಿಟ ತಕಧಿಮಿ. ಅಂದರೆ ಏಳು ಮಾತ್ರೆಯ ಆವರ್ತ. ಆದರೆ ನಾವು ರಾಕ್ ಅಂದ ಮೇಲೆ ನಾಲ್ಕರ ತಾಳವೇ ಎಂದುಕೊಂಡು ಎಂಟು ಮಾತ್ರೆಯ ಬೀಟಿಗೆ ಅದನ್ನು ಹಾಡಿದ್ದೆವು. ಪ್ರತಿ ಏಳಕ್ಕೂ ಒಂದು ಮಾತ್ರೆ ಹೆಚ್ಚಾಯಿತು. ಆ ಹೆಚ್ಚಿನ ಮಾತ್ರೆ ಎಲ್ಲಾದರೂ ಕೂರಬೇಕಲ್ಲ? 'ನಿಂತರು'ವಿನಲ್ಲಿ 'ನಿಂ' ಮೊದಲೇ ಉದ್ದದ ಅಕ್ಷರ, ಇನ್ನೊಂದಿಷ್ಟು ಎಳೆದರೂ ಅರ್ಥ ಕೆಡಲಿಲ್ಲ. 'ಹನಿಗಳು'ವಿನಲ್ಲಿ ಉದ್ದದ ಅಕ್ಷರವೇ ಇಲ್ಲ. ಹಾಡುವವನು ಮೊದಲ ಅಕ್ಷರ ಎಳೆದ. ನಾಲ್ಕು ಐದಾಯಿತು, ಹನಿ ಹಾನಿಯಾಯಿತು.

ಇದಕ್ಕೆ ಮೂರು ದಾರಿ. ಒಂದು, ತಾಳವನ್ನೇ ಪದಕ್ಕೆ ಹೊಂದಿಸಿ ಏಳಕ್ಕೆ ತರುವುದು. ನಾವು ಕೊನೆಗೆ ಮಾಡಿದ್ದು ಇದನ್ನೇ: ನಿಮಿಷಕ್ಕೆ 210 ಮಾತ್ರೆಯ ವೇಗ, ಒಂದು ಆವರ್ತಕ್ಕೆ ಸರಿಯಾಗಿ 2 ಸೆಕೆಂಡ್. 'ತಕಿಟ'ದ ತಲೆಗೆ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್), 'ತಕಧಿಮಿ'ಯ ತಲೆಗೆ ಸ್ನೇರ್ (ಚಟ್ಟನೆ ಸಿಡಿಯುವ ಡ್ರಮ್), 'ಧಿ' ಮೇಲೆ ಇನ್ನೊಂದು ಕಿಕ್. ಅಲ್ಲಿಯವರೆಗೆ ಎಲ್ಲೋ ಕೇಳಿದ ಹಾಗಿದ್ದ ಹಾಡಿಗೆ ಅವತ್ತು ತನ್ನದೇ ಮುಖ ಬಂತು. ಎರಡು, ನಾಲ್ಕರ ತಾಳವನ್ನೇ ಇಟ್ಟುಕೊಂಡು ಹೆಚ್ಚಿನ ಮಾತ್ರೆಯನ್ನು ಪದದ ಕೊನೆಗೆ ಮೌನವಾಗಿ ಬಿಡುವುದು. ಆ ಮೌನದಲ್ಲಿ ಗಿಟಾರ್ ಮಾತಾಡಲಿ. ಮೂರು, ಎಳೆಯಬೇಕಾದ ಜಾಗದಲ್ಲಿ ದೀರ್ಘಾಕ್ಷರ ಇರುವ ಬೇರೆ ಪದ ಹುಡುಕುವುದು.

ವಿದೇಶದ ಪ್ರೊಗ್ರೆಸಿವ್ ಬ್ಯಾಂಡುಗಳನ್ನು ಕೇಳಿ ಏಳರ, ಐದರ ತಾಳಕ್ಕೆ ಬೆರಗಾಗುವ ಹುಡುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಷಟ್ಪದಿಗಳನ್ನೇ ನೋಡಿ: ಭಾಮಿನಿ ಮೂರು-ನಾಲ್ಕು. ಕುಸುಮ, ವಾರ್ಧಕ ಐದು-ಐದು. ಭೋಗ ಮೂರು-ಮೂರು. ಶರ, ಪರಿವರ್ಧಿನಿ ನಾಲ್ಕು-ನಾಲ್ಕು. ಈ ನಡೆಗಳು ನಮ್ಮ ಭಾಷೆಯಲ್ಲಿ ನೂರಾರು ವರ್ಷದಿಂದ ಓಡಾಡಿಕೊಂಡಿವೆ. ಗಮಕ ವಾಚನ ಕೇಳಿ ಬೆಳೆದವರ ಮೈಯಲ್ಲಿ ಏಳರ ತಾಳ ಆಗಲೇ ಇದೆ. ಐದು ಮಾತ್ರೆಯ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ವಾದ್ಯದ ತುಣುಕು) ಬೇಕಿದ್ದರೆ ವಾರ್ಧಕದ ಒಂದು ಪದ್ಯವನ್ನು ಗಟ್ಟಿಯಾಗಿ ಓದಿ, ಆ ಏರಿಳಿತಕ್ಕೆ ಬೇಸ್ ನುಡಿಸಲು ಹೇಳಿ. ಅರ್ಧ ಗಂಟೆಯಲ್ಲಿ ಏನಾದರೂ ಹುಟ್ಟುತ್ತದೆ.

ಇನ್ನೊಂದು ಸೂಕ್ಷ್ಮ, ಸಾಲಿನ ಕೊನೆಯದು. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಅದು ಹಾಡುವವರಿಗೆ ವರ. ಆದರೆ ಕೊನೆಯ ಸ್ವರ ಉ ಅಥವಾ ಇ ಆದಾಗ ಬಾಯಿ ಮುಚ್ಚಿಕೊಳ್ಳುತ್ತದೆ. ತಾರಸ್ಥಾಯಿಯಲ್ಲಿ 'ಹನಿಗಳು' ಎಂದು ಕೊನೆಯ ಉಕಾರವನ್ನು ನಾಲ್ಕು ಸೆಕೆಂಡು ಹಿಡಿದು ನೋಡಿ, ಗಂಟಲು ಬಿಗಿಯುತ್ತದೆ, ದನಿ ಸಣ್ಣಗಾಗುತ್ತದೆ. ಮೈಕು ಇಲ್ಲದ ಕಾಲದಲ್ಲಿ ಬಯಲಿನಲ್ಲಿ ಹಾಡಿದವರಿಗೆ ಇದು ಗೊತ್ತಿತ್ತು. ನಮ್ಮ ತತ್ವಪದ, ಜನಪದ ಹಾಡುಗಳಲ್ಲಿ ಸಾಲಿನ ಕೊನೆಗೆ ತಮ್ಮಾ, ತಂಗೀ, ಗೆಳೆಯಾ, ಕಾಣೋ, ನೋಡೇ ಎಂಬ ಕರೆ ಬರುವುದು ಸುಮ್ಮನೆ ಅಲ್ಲ. ಆ, ಏ, ಓ ತೆರೆದ ಸ್ವರಗಳು. ಹಾಡಿನ ಅತಿ ಎತ್ತರದ ಸ್ವರಸ್ಥಾನಕ್ಕೆ ಈ ಮೂರರಲ್ಲಿ ಒಂದನ್ನು ಇಡಿ.

ಹೆಜ್ಜೆ 2: ಶ್ರುತಿಯನ್ನು ಕಂಠ ನಿರ್ಧರಿಸಲಿ

ಗಿಟಾರಿನ ದಪ್ಪ ತಂತಿ ಇ ಸ್ವರಕ್ಕಿದೆ ಎಂದು ಎಲ್ಲ ಹಾಡನ್ನೂ ಇ ಶ್ರುತಿಯಲ್ಲಿ ಕಟ್ಟುವುದು ಬ್ಯಾಂಡುಗಳ ರೂಢಿ. ಬೇಡ. ಹಾಡುವವರು ವಾದ್ಯವಿಲ್ಲದೆ ಪಲ್ಲವಿಯನ್ನು ಮಾತಾಡಿದಷ್ಟೇ ಸ್ಪಷ್ಟವಾಗಿ ಹಾಡಬಲ್ಲ ಶ್ರುತಿ ಯಾವುದೆಂದು ಹುಡುಕಿ, ಗಿಟಾರನ್ನು ಅಲ್ಲಿಗೆ ತನ್ನಿ. ಒಂದೋ ಎರಡೋ ಮನೆ (ಫ್ರೆಟ್) ತಂತಿ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಳಿಸಿದ ಮೇಲೆ ತಂತಿ ಸಡಿಲವಾಗುತ್ತದೆ, ಹಾಗಾಗಿ 9ರ ಬದಲು 10 ಅಥವಾ 11ರ ಗೇಜ್, ಅಂದರೆ ಇನ್ನೂ ದಪ್ಪದ ತಂತಿ ಹಾಕಿಸಿ, ಇಂಟೊನೇಶನ್ (ಪ್ರತಿ ಮನೆಯಲ್ಲೂ ಸ್ವರ ಶ್ರುತಿಗೆ ಕೂರುವ ಹೊಂದಿಕೆ) ಸರಿಮಾಡಿಸಿ.

ಹೆಜ್ಜೆ 3: ಹಕ್ಕಿನ ಕಾಗದ

ಒಂದು ಸಂಜೆ ಕಾಫಿ ಕುಡಿಯುತ್ತಾ ಮುಗಿಸಬಹುದಾದ ಕೆಲಸ. ಮುಂದೂಡಿದರೆ ಮಾತ್ರ ಬ್ಯಾಂಡನ್ನೇ ಮುರಿಯುತ್ತದೆ. ಪ್ರತಿ ಹಾಡಿಗೂ ಸಾಹಿತ್ಯ ಯಾರದು, ಸಂಗೀತ ಯಾರದು, ಪಾಲು ಎಷ್ಟೆಷ್ಟು ಎಂದು ಬರೆದು ಎಲ್ಲರೂ ಸಹಿ ಹಾಕಿ. ನಮ್ಮ ಕಾನೂನಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಹಕ್ಕು. ಧ್ವನಿಮುದ್ರಣದ ಹಕ್ಕು ಅದರ ನಿರ್ಮಾಪಕರದು. ಹಾಗಾಗಿ ಸ್ಟುಡಿಯೋ ಖರ್ಚು ಹಾಕಿದವರು ಯಾರು, ನಿರ್ಮಾಪಕರು ಒಬ್ಬರೋ ಇಡೀ ಬ್ಯಾಂಡೋ ಎಂಬುದೂ ಕಾಗದದಲ್ಲಿರಲಿ. 2012ರ ತಿದ್ದುಪಡಿಯ ನಂತರ ಸಾಹಿತಿಯೂ ಸಂಗೀತ ಸಂಯೋಜಕರೂ ತಮ್ಮ ರಾಯಲ್ಟಿಯ ಪಾಲನ್ನು ಕಂಪನಿಗೆ ಬರೆದುಕೊಡುವಂತಿಲ್ಲ. ಯಾರಾದರೂ ಅಂಥ ಕರಾರು ಮುಂದಿಟ್ಟರೆ ಸಹಿ ಮಾಡಬೇಡಿ. ಸಾಹಿತಿ, ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡುವ, 1969ರಿಂದ ಇರುವ ಸಂಘ ಐಪಿಆರ್‌ಎಸ್‌ಗೆ ಬರೆದವರೂ ಸಂಯೋಜಿಸಿದವರೂ ಸದಸ್ಯರಾಗಿ, ಹಾಡುಗಳನ್ನು ನಮೂದಿಸಿ.

ಕವಿತೆಗೆ ರಾಕ್ ಸಂಗೀತ ಹಾಕುವ ಆಸೆ ಇದ್ದರೆ ಇಸವಿ ನೋಡಿ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. 1889ರಲ್ಲಿ ತೀರಿಕೊಂಡ ಶರೀಫರ ಪದಗಳು ಎಲ್ಲರವು. ಬೇಂದ್ರೆಯವರು ಹೋದದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಅವರ ಸಾಲು ಹಾಡಲು ಹಕ್ಕುದಾರರ ಅನುಮತಿ ಬೇಕೇ ಬೇಕು. ಶರೀಫರ ಪದವೇ ಆದರೂ ಅದಕ್ಕೆ ಬೇರೊಬ್ಬರು ಹಾಕಿದ ರಾಗ ಮಾತ್ರ ಹಾಕಿದವರದು.

ಹೆಜ್ಜೆ 4: ಜ್ಯಾಮ್ ರೂಮ್ ಮತ್ತು ಪದ ಪರೀಕ್ಷೆ

ಜ್ಯಾಮ್ ರೂಮಿನ ಗಂಟೆಗೆ ದುಡ್ಡು. ಅಲ್ಲಿಗೆ ಹೋಗಿ ಹಾಡು ಕಲಿಯಬೇಡಿ. ಮನೆಯಲ್ಲಿ ಕಲಿತು ಅಲ್ಲಿ ಸೇರಿಸಿ. ಪ್ರತಿ ಸಲವೂ ಒಂದು ಫೋನನ್ನು ಹಾಡುವವರ ಎದುರು, ಸ್ಪೀಕರಿನಿಂದ ದೂರವಿಟ್ಟು ರೆಕಾರ್ಡ್ ಮಾಡಿ. ಮನೆಗೆ ಹೋಗುವ ದಾರಿಯಲ್ಲಿ ಅದನ್ನು ಕೇಳಿ. ಫೋನಿನಲ್ಲಿ ಪದ ಕೇಳುತ್ತಿಲ್ಲ ಎಂದರೆ ಯಾರೋ ಜೋರಾಗಿ ನುಡಿಸುತ್ತಿದ್ದಾರೆ, ಅಥವಾ ಇಬ್ಬರು ಒಂದೇ ಜಾಗದಲ್ಲಿ ನುಡಿಸುತ್ತಿದ್ದಾರೆ.

ಈ 'ಜಾಗ' ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಸ್, ಗಿಟಾರಿನದು 82. ಇವು ಕಂಠಕ್ಕೆ ಅಡ್ಡ ಬರುವುದಿಲ್ಲ. ನಮಗೆ ಪದ ಅರ್ಥವಾಗುವುದು ವ್ಯಂಜನಗಳಿಂದ, ಅವುಗಳ ಗುರುತು ಹೆಚ್ಚಾಗಿ ಇರುವುದು 2,000ದಿಂದ 4,000 ಹರ್ಟ್ಸ್ ಸುತ್ತಮುತ್ತ. ಡಿಸ್ಟಾರ್ಶನ್ ಹಾಕಿ ದನಿ ಒರಟು ಮಾಡಿದ ಗಿಟಾರ್ ಕೊರೆಯುವುದೂ ಅಲ್ಲೇ, ಡ್ರಮ್ಸಿನ ಲೋಹದ ತಟ್ಟೆ ಸಿಂಬಲ್ ಚೆಲ್ಲುವುದೂ ಅಲ್ಲೇ. ಹಾಗಾಗಿ ಇದರ ಮದ್ದು ಮಿಕ್ಸ್ ಮಾಡುವುದಕ್ಕಿಂತ ಮೊದಲು ಸಂಯೋಜನೆಯಲ್ಲಿದೆ. ಸಾಲು ಹಾಡುತ್ತಿರುವಾಗ ಗಿಟಾರ್ ಅಂಗೈ ಒತ್ತಿ ನುಡಿಸಲಿ, ಸಾಲು ಮುಗಿದ ಮೇಲೆ ತೆರೆದ ಕಾರ್ಡ್ ಬಿಡಲಿ. ಚರಣದಲ್ಲಿ ಡ್ರಮ್ಮರ್ ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) ಮುಚ್ಚಿಟ್ಟುಕೊಳ್ಳಲಿ, ಜೋರಾಗಿ ಮೊಳಗುವ ಕ್ರ್ಯಾಶ್ ಸಿಂಬಲ್ ಪಲ್ಲವಿಗೆ ಉಳಿಯಲಿ. ನಮ್ಮ ಗಿಟಾರಿಸ್ಟಿಗೆ ಇದು ಮೊದಲು ಕಷ್ಟವಾಯಿತು. ಎರಡು ವಾರ ಕಳೆದ ಮೇಲೆ ಅವನೇ, "ಬಿಡುವು ಕೊಟ್ಟ ಮೇಲೆ ನನ್ನ ರಿಫ್ಫೂ ಚೆನ್ನಾಗಿ ಕೇಳ್ತಿದೆ ಕಣೋ" ಅಂದ.

ಜುಲೈ ಕೊನೆಗೆ ನಾಲ್ಕೂ ಹಾಡಿನ ಒರಟು ಡೆಮೊ ಇರಬೇಕು. ಈಗ ಪದ ಪರೀಕ್ಷೆ. ಹಾಡನ್ನು ಒಮ್ಮೆಯೂ ಕೇಳದ ಮೂರು ಜನ ಬೇಕು, ಒಬ್ಬರಾದರೂ ಐವತ್ತು ದಾಟಿದವರು. ಸಾಹಿತ್ಯ ಕೊಡಬೇಡಿ. ಹಾಳೆ, ಪೆನ್ನು ಕೊಟ್ಟು, ಒಂದೇ ಸಲ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ದೊಡ್ಡಮ್ಮ ನಮಗೆ ಈಗ ಕಾಯಂ ಪರೀಕ್ಷಕರು, ಬಾಳೆಎಲೆಯಂತೆ ಹಾಳೆ ಹರವಿಕೊಂಡು ಕೂರುತ್ತಾರೆ. ಮೂರು ಹಾಳೆಯಲ್ಲೂ ಒಂದೇ ಜಾಗ ಖಾಲಿ ಇದ್ದರೆ ಅಲ್ಲಿ ವಾದ್ಯ ಮುಚ್ಚುತ್ತಿದೆ. ಮೂವರೂ ಬೇರೆ ಬೇರೆ ಪದ ಬರೆದಿದ್ದರೆ ಉಚ್ಚಾರ ಸಡಿಲವಾಗಿದೆ. ಮೂವರೂ ಒಂದೇ ತಪ್ಪು ಪದ ಬರೆದಿದ್ದರೆ ಮಾತ್ರೆ ಕೆಟ್ಟಿದೆ, ಹೆಜ್ಜೆ ಒಂದಕ್ಕೆ ಹಿಂದಿರುಗಿ.

ಹೆಜ್ಜೆ 5: ರೆಕಾರ್ಡಿಂಗ್

ನಾಲ್ಕು ಹಾಡಿಗೆ ಎಲ್ಲವನ್ನೂ ದೊಡ್ಡ ಸ್ಟುಡಿಯೋದಲ್ಲಿ ಮಾಡಬೇಕಿಲ್ಲ. ಡ್ರಮ್ಸಿಗೆ ಮಾತ್ರ ಒಳ್ಳೆಯ ಕೋಣೆ ಬೇಕು, ಅದಕ್ಕೆ ಒಂದು ಪೂರ್ತಿ ದಿನ ಕಾದಿರಿಸಿ. ಬೇಸ್, ಗಿಟಾರ್, ಕಂಠವನ್ನು ಮನೆಯಲ್ಲೇ, ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಒಂದು ಆಡಿಯೊ ಇಂಟರ್‌ಫೇಸ್, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಬಹುದು. ಹಾಡು ಧ್ವನಿಮುದ್ರಿಸುವ ರೀಪರ್‌ನಂಥ ಸಾಫ್ಟ್‌ವೇರ್‌ಗೆ 60 ದಿನದ ಪ್ರಯೋಗದ ಅವಧಿ ಇದೆ, ಆಮೇಲೆ ಕೊಂಡರೂ ದುಬಾರಿಯಲ್ಲ. ಎಲ್ಲ ಕಡೆಯೂ 24 ಬಿಟ್, 48 ಕಿಲೋಹರ್ಟ್ಸ್ ಎಂದು ಒಂದೇ ಲೆಕ್ಕ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕಡತ ಸೇರಿಸುವಾಗ ತಲೆನೋವು.

ಸ್ಟುಡಿಯೋಗೆ ಹೋಗುವ ಮುನ್ನ ಕ್ಲಿಕ್ (ತಾಳ ಹಿಡಿಯಲು ಕಿವಿಯಲ್ಲಿ ಓಡುವ ಸದ್ದು) ಮತ್ತು ಗೈಡ್ ಟ್ರ್ಯಾಕ್ (ಜೊತೆಗೆ ನುಡಿಸಲು ಬೇಕಾದ ಒರಟು ಮುದ್ರಣ) ಸಿದ್ಧವಿರಲಿ. ಏಳರ ಹಾಡಿಗೆ ಬರೀ ಟಿಕ್ ಟಿಕ್ ಕ್ಲಿಕ್ ಸಾಲದು. ಒಂದನೇ ಮತ್ತು ನಾಲ್ಕನೇ ಮಾತ್ರೆಗೆ ಬೇರೆ ದನಿ ಇಡಿ. ನಾವು ಬಾಯಲ್ಲೇ 'ತಕಿಟ ತಕಧಿಮಿ' ಹೇಳಿ ಅದನ್ನೇ ಕ್ಲಿಕ್ ಮಾಡಿಕೊಂಡೆವು. ಡ್ರಮ್ಮರ್ ಅವತ್ತು ಎರಡನೇ ಟೇಕಿನಲ್ಲೇ ಹಾಡು ಮುಗಿಸಿದ.

ಡ್ರಮ್ಸಿನ ಚರ್ಮ ಹೊಸದಾಗಿರಲಿ, ಕಿಕ್ ಪೆಡಲಿಗೆ ಎಣ್ಣೆ ಬಿಟ್ಟಿರಲಿ. ಕಿರಗುಟ್ಟುವ ಪೆಡಲ್ ಹೆಡ್‌ಫೋನಿನಲ್ಲಿ ಹಾಡಿನುದ್ದಕ್ಕೂ ಕೇಳುತ್ತದೆ. ಮೈಕು ಕಡಿಮೆ ಇದ್ದರೆ ನಾಲ್ಕು ಸಾಕು: ಕಿಕ್‌ಗೆ ಒಂದು, ಸ್ನೇರ್‌ಗೆ ಒಂದು, ತಲೆಯ ಮೇಲೆ ಎರಡು. ಮೇಲಿನ ಎರಡೂ ಮೈಕು ಸ್ನೇರಿನ ನಡುವಿನಿಂದ ಸಮ ದೂರದಲ್ಲಿರಬೇಕು. ದರ್ಜಿಯ ಟೇಪು ತೆಗೆದುಕೊಂಡು ಅಳೆಯಿರಿ, ಕಣ್ಣಳತೆ ನಂಬಬೇಡಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 17 ಸೆಂಟಿಮೀಟರ್ ವ್ಯತ್ಯಾಸವಾದರೂ ಸಾಕು, ಎರಡು ಮೈಕು ಸೇರಿಸಿದಾಗ 1,000 ಹರ್ಟ್ಸ್ ಆಸುಪಾಸಿನ ದನಿ ಒಂದಕ್ಕೊಂದು ಹೊಡೆದುಕೊಂಡು ಸ್ನೇರ್ ಟೊಳ್ಳಾಗುತ್ತದೆ. ನಾವು ಒಂದು ಕಡೆ ಹೀಗೆ ಅಳೆಯದೆ ಇಡೀ ದಿನ ಕಳೆದುಕೊಂಡಿದ್ದೇವೆ.

ಬೇಸನ್ನು ಮೈಕಿಲ್ಲದೆ, ವಾದ್ಯದ ಸಿಗ್ನಲ್ಲನ್ನು ನೇರವಾಗಿ ಕಳಿಸುವ ಡಿಐ ಪೆಟ್ಟಿಗೆಯ ಮೂಲಕ ತೆಗೆದುಕೊಳ್ಳಿ. ಗಿಟಾರಿಗೆ ಶೂರ್ ಎಸ್‌ಎಂ57ನಂಥ ಮೈಕನ್ನು ಸ್ಪೀಕರ್ ಬಟ್ಟೆಯಿಂದ ಎರಡು ಬೆರಳು ದೂರದಲ್ಲಿ, ಕೋನಿನ ನಡುವಿನಿಂದ ಸ್ವಲ್ಪ ಅಂಚಿಗೆ ಇಡಿ. ಆಂಪಿನ (ಆಂಪ್ಲಿಫೈಯರ್) ಗೇನ್, ಅಂದರೆ ದನಿಯನ್ನು ಒರಟಾಗಿಸುವ ಮಟ್ಟ, ವೇದಿಕೆಯಲ್ಲಿ ಇಡುವುದಕ್ಕಿಂತ ಕಡಿಮೆ ಇರಲಿ. ಒಂದೇ ರಿಫನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟಾಗ ದಪ್ಪ ತಾನಾಗಿ ಬರುತ್ತದೆ, ನಡುವಿನ ಜಾಗ ಕಂಠಕ್ಕೆ ಉಳಿಯುತ್ತದೆ. ಜೊತೆಗೆ ಆಂಪಿಲ್ಲದ ಸಪ್ಪೆ ಸಿಗ್ನಲ್ಲನ್ನೂ ಬೇರೆ ಟ್ರ್ಯಾಕಿನಲ್ಲಿ ಉಳಿಸಿ, ಆಮೇಲೆ ದನಿ ಬದಲಿಸಬೇಕಾದರೆ ಮತ್ತೆ ನುಡಿಸುವ ಕಷ್ಟ ತಪ್ಪುತ್ತದೆ. ಪ್ರತಿ ಟೇಕಿಗೂ ಟ್ಯೂನರ್ ನೋಡಿ. ಆಗಸ್ಟಿನ ತೇವದಲ್ಲಿ ಮರವೂ ತಂತಿಯೂ ಜಾರುತ್ತವೆ.

ಕಂಠಕ್ಕೆ ಎರಡು ದಿನ ಇಡಿ, ಆತುರ ಬೇಡ. ಮನೆಯಲ್ಲಿ ಬೀರು ಇರುವ ಕೋಣೆ ಒಳ್ಳೆಯದು. ಸೀರೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದಕ್ಕೆ ಬೆನ್ನು ಮಾಡಿ ನಿಂತರೆ ಗೋಡೆಯ ಪ್ರತಿಧ್ವನಿ ಬಹಳ ಮಟ್ಟಿಗೆ ಇಳಿಯುತ್ತದೆ. ಎದುರಿಗೆ ಒಂದು ರಜಾಯಿ ನೇತುಹಾಕಿ. ಫ್ಯಾನ್ ಆರಿಸಿ, ಫ್ರಿಜ್ ಸ್ವಿಚ್ ತೆಗೆಯಿರಿ, ಮುಗಿದ ಮೇಲೆ ಹಾಕಲು ಮರೆಯಬೇಡಿ. ಕುಕ್ಕರ್ ಕೂಗು, ತರಕಾರಿ ಗಾಡಿ ಎಲ್ಲ ಮುಗಿದು ರಾತ್ರಿ ಊಟವಾದ ಮೇಲೆ ಕೂತರೆ ನೆಮ್ಮದಿ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ, ನಡುವೆ ಬಾಯಿಗಾಳಿ ತಡೆಯುವ ಪಾಪ್ ಫಿಲ್ಟರ್. ಪ, ಬ, ಭ ಬಂದಾಗ ಗಾಳಿ ಹೊಡೆಯುತ್ತಿದ್ದರೆ ಮೈಕನ್ನು ಸ್ವಲ್ಪ ಓರೆ ಮಾಡಿ.

ಟೇಕ್ ತೆಗೆಯುವ ಮುನ್ನ ಹಾಡುವವರು ಸಾಹಿತ್ಯವನ್ನು ಮೂರು ಸಲ ಮಾತಿನಂತೆ ಗಟ್ಟಿಯಾಗಿ ಓದಲಿ. ಒತ್ತಕ್ಷರ ಎಲ್ಲಿ ನುಂಗುತ್ತಿದ್ದಾರೆ ಎಂದು ಅಲ್ಲೇ ತಿಳಿಯುತ್ತದೆ. 'ನಿಲ್ಲಲಿಲ್ಲವೊ' ಅನ್ನುವಲ್ಲಿ ನಮ್ಮವನು 'ನಿಲಲಿಲವೊ' ಎಂದು ಜಾರಿಸುತ್ತಿದ್ದ. ಲಕಾರದ ಒತ್ತಿಗೆ ನಾಲಿಗೆ ಒಂದು ಕ್ಷಣ ನಿಲ್ಲಬೇಕು, ಆ ನಿಲುಗಡೆಯೇ ತಾಳದ ಪೆಟ್ಟು. ಅದು ಸರಿಯಾದ ಟೇಕಿನಲ್ಲಿ ಸ್ನೇರ್ ಮತ್ತು ನಾಲಿಗೆ ಒಟ್ಟಿಗೆ ಬಿದ್ದವು. ನನ್ನ ಮೈ ಜುಮ್ಮೆಂದಿದ್ದು ಇನ್ನೂ ನೆನಪಿದೆ. ಐದಾರು ಪೂರ್ತಿ ಟೇಕ್ ತೆಗೆದು ಸಾಲು ಸಾಲಾಗಿ ಒಳ್ಳೆಯದನ್ನು ಆರಿಸಿ ಜೋಡಿಸಿ. ರಾಗ ಒಂದಿಷ್ಟು ಅಲುಗಿದ್ದರೂ ಪದ ಜೀವಂತವಾಗಿರುವ ಟೇಕನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 6: ಮಿಕ್ಸ್

ಡ್ರಮ್ಸಿನಿಂದ ಶುರುಮಾಡಿ ಕೊನೆಗೆ ಕಂಠ ಸೇರಿಸುವುದು ವಾಡಿಕೆ. ನಾವು ತಿರುಗಿಸಿದೆವು. ಮೊದಲು ಕಂಠ, ಆಮೇಲೆ ಕಿಕ್, ಸ್ನೇರ್, ಬೇಸ್, ಕೊನೆಗೆ ಗಿಟಾರ್. ಕಂಠ ಮೊದಲೇ ಕೂತಿದ್ದರೆ ಪ್ರತಿ ವಾದ್ಯವೂ ಅದಕ್ಕೆ ದಾರಿ ಬಿಟ್ಟು ಬರುತ್ತದೆ. ಕಂಠದಲ್ಲಿ 80-100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಗಿಟಾರುಗಳಲ್ಲಿ 2,000-4,000 ಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ತಗ್ಗಿಸಿ. ಶ, ಷ, ಸ ಚುಚ್ಚುತ್ತಿದ್ದರೆ 5,000-8,000 ಸುತ್ತ ಆ ಚುಚ್ಚನ್ನು ತಗ್ಗಿಸುವ ಡಿ-ಎಸ್ಸರ್ ಹಾಕಿ, ಅತಿಯಾದರೆ ತೊದಲಿದಂತೆ ಕೇಳುತ್ತದೆ. ಕಂಠದ ಮಟ್ಟವನ್ನು ಸಾಲು ಸಾಲಿಗೂ ಕೈಯಿಂದಲೇ ಏರಿಳಿಸಿ. ಏರಿಳಿತವನ್ನು ತಾನೇ ಸಮ ಮಾಡುವ ಕಂಪ್ರೆಸರ್ ಒಂದನ್ನೇ ನಂಬಬೇಡಿ. ಎಲ್ಲ ಮುಗಿದ ಮೇಲೆ ಫೋನಿನ ಸಣ್ಣ ಸ್ಪೀಕರಿನಲ್ಲಿ, ಆಟೋದಲ್ಲಿ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವಾಗ ಕೇಳಿಸಿ ನೋಡಿ. ಮತ್ತೊಮ್ಮೆ ಪದ ಪರೀಕ್ಷೆ, ಈ ಸಲ ಹೊಸ ಮೂವರೊಂದಿಗೆ.

ಮಾಸ್ಟರಿಂಗ್ ಮಾಡುವವರಿಗೆ ಮಿಕ್ಸ್ ಕಳಿಸುವಾಗ ಗರಿಷ್ಠ ಮಟ್ಟ ಸೊನ್ನೆಗಿಂತ ಐದಾರು ಡೆಸಿಬೆಲ್ ಕೆಳಗಿರಲಿ, ಮಾಸ್ಟರ್ ಚಾನೆಲ್ಲಿನಲ್ಲಿ ಗರಿಷ್ಠ ದನಿಗೆ ತಡೆ ಹಾಕುವ ಲಿಮಿಟರ್ ತೆಗೆದಿರಲಿ. ಸ್ಪಾಟಿಫೈ ಆ್ಯಪ್ ಎಲ್ಲ ಹಾಡುಗಳನ್ನು ಜೋರಿನ ಅಳತೆಯಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಸಮ ಮಾಡುತ್ತದೆ. ಹಾಗಾಗಿ ಹಿಂಡಿ ಹಿಂಡಿ ಜೋರು ಮಾಡಿಸಿ ಪ್ರಯೋಜನವಿಲ್ಲ, ಸ್ನೇರಿನ ಪೆಟ್ಟು ಸಾಯುವುದಷ್ಟೇ.

ಹೆಜ್ಜೆ 7: ಬಿಡುಗಡೆ

ಡಿಸ್ಟ್ರೊಕಿಡ್, ಟ್ಯೂನ್‌ಕೋರ್‌ನಂಥ ವಿತರಕರ ಮೂಲಕ ಹಾಡನ್ನು ಎಲ್ಲ ಆ್ಯಪುಗಳಿಗೆ ಕಳಿಸಬಹುದು. ಬಿಡುಗಡೆಯ ದಿನಕ್ಕೆ ನಾಲ್ಕು ವಾರ ಮುಂಚೆ ಏರಿಸಿ. ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಒಪ್ಪಿಸುವ ಕೆಲಸವನ್ನು ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಮಾಡಬೇಕು. ಭಾಷೆ ಎಂಬಲ್ಲಿ ಕನ್ನಡ ಎಂದೇ ಆರಿಸಿ. ಪ್ರತಿ ಧ್ವನಿಮುದ್ರಣವನ್ನೂ ಗುರುತಿಸಲು ಸಿಗುವ, 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತವನ್ನು ಬರೆದಿಟ್ಟುಕೊಳ್ಳಿ, ಮುಂದೆ ವಿತರಕರನ್ನು ಬದಲಿಸಿದರೂ ಅದೇ ಬಳಸಬೇಕು. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಹಾಕಿ. ಹಾಡು ಓಡುತ್ತಿರುವಾಗ ಪರದೆಯ ಮೇಲೆ ಕನ್ನಡ ಅಕ್ಷರ ಓಡುವುದನ್ನು ಮೊದಲ ಸಲ ನೋಡಿದಾಗ ನಾಲ್ಕೂ ಜನ ಮಾತಿಲ್ಲದೆ ಕೂತಿದ್ದೆವು.

ನಾಲ್ಕು ಹಾಡನ್ನೂ ಒಂದೇ ದಿನ ಬಿಡಬೇಡಿ. ಎರಡು ವಾರಕ್ಕೊಂದರಂತೆ ಬಿಟ್ಟರೆ ಅಕ್ಟೋಬರ್ ನವೆಂಬರ್ ಪೂರ್ತಿ ಹೇಳಿಕೊಳ್ಳಲು ಏನಾದರೂ ಇರುತ್ತದೆ, ಕಾರ್ಯಕ್ರಮ ಕೇಳಲು ಹೋದಾಗ ಕಳಿಸಲು ಹೊಸ ಕೊಂಡಿಯೂ ಇರುತ್ತದೆ.

ಹೆಜ್ಜೆ 8: ವೇದಿಕೆ

ರಾಜ್ಯೋತ್ಸವದ ವೇದಿಕೆಯಲ್ಲಿ ಮಕ್ಕಳ ನೃತ್ಯ, ಸನ್ಮಾನ, ಭಾಷಣ ಎಲ್ಲ ಮುಗಿದ ಮೇಲೆ ನಮ್ಮ ಸರದಿ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವವರು ನಮ್ಮ ಹಾಡು ಕೇಳಲೆಂದೇ ಬಂದವರಲ್ಲ. 40 ನಿಮಿಷ ಸಿಕ್ಕರೆ ಏಳು ಹಾಡು ಇಟ್ಟುಕೊಳ್ಳಿ: ನಾಲ್ಕು ನಮ್ಮವು, ಮೂರು ಅವರಿಗೆ ಗೊತ್ತಿರುವ ಹಾಡುಗಳು ನಮ್ಮ ರೀತಿಯಲ್ಲಿ. ಗೊತ್ತಿರುವುದರಿಂದ ಶುರುಮಾಡಿ, ನಮ್ಮದರಿಂದ ಮುಗಿಸಿ. ನಮ್ಮ ಹಾಡಿಗೆ ಮೊದಲು ಅದರ ಹಿನ್ನೆಲೆ ವಿವರಿಸುವ ಬದಲು ಪಲ್ಲವಿಯ ಎರಡು ಸಾಲನ್ನು ಮೈಕಿನಲ್ಲಿ ನಿಧಾನವಾಗಿ ಮಾತಿನಂತೆ ಹೇಳಿ, ನಂತರ ಬೀಟ್ ಶುರುವಾಗಲಿ. ಒಮ್ಮೆ ಕಿವಿಗೆ ಬಿದ್ದ ಪದವನ್ನು ಗದ್ದಲದಲ್ಲೂ ಜನ ಹಿಡಿದುಕೊಳ್ಳುತ್ತಾರೆ. ಮೂರನೇ ಸಲ ಪಲ್ಲವಿ ಬರುವಾಗ ಮುಂದಿನ ಸಾಲಿನ ಮಕ್ಕಳು ಜೊತೆಗೆ ಹಾಡುತ್ತಿರುತ್ತಾರೆ.

ವಾರ ಮೊದಲೇ ಆಯೋಜಕರಿಗೆ ಒಂದು ಹಾಳೆ ಕಳಿಸಿ. ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ಚಿತ್ರ, ಚಾನೆಲ್ ಪಟ್ಟಿ. ನಮ್ಮದು 11: ಕಿಕ್, ಸ್ನೇರ್, ಎರಡು ಟಾಮ್ ಡ್ರಮ್, ಮೇಲಿನ ಎರಡು ಮೈಕು, ಬೇಸ್ ಡಿಐ, ಎರಡು ಗಿಟಾರ್, ಎರಡು ಕಂಠ. ಸೌಂಡಿನವರ ಮಿಕ್ಸರಿನಲ್ಲಿ ಎಂಟೇ ಇದ್ದರೆ ಟಾಮ್ ಎರಡನ್ನೂ ಬಿಟ್ಟು, ಮೇಲೆ ಒಂದೇ ಮೈಕು ಇಡಿ, ಕಂಠ ಬಿಡಬೇಡಿ.

ಸೌಂಡಿನವರ ಬಗ್ಗೆ ಒಂದು ಮಾತು. ಅವರ ಅನುಭವ ಹೆಚ್ಚಾಗಿ ಆರ್ಕೆಸ್ಟ್ರಾದ್ದು, ಅಲ್ಲಿ ಹಾಡುವವರೇ ಎಕೋ ಕೇಳುತ್ತಾರೆ. ಹಾಗಾಗಿ ಮೈಕಿಗೆ ಎಕೋ ಹಾಕಿಯೇ ಇಟ್ಟಿರುತ್ತಾರೆ. ಏಳರ ತಾಳದಲ್ಲಿ ಓಡುವ ಸಾಲಿಗೆ ಎಕೋ ಸೇರಿದರೆ ಒಂದು ಪದದ ಬಾಲ ಇನ್ನೊಂದರ ತಲೆಗೆ ತಾಗಿ ಏನೂ ಅರ್ಥವಾಗುವುದಿಲ್ಲ. ಬೇಗ ಹೋಗಿ, ಅವರ ಜೊತೆ ಚಹಾ ಕುಡಿದು, ಹೆಸರು ಕೇಳಿಕೊಂಡು, "ಅಣ್ಣ, ನಮ್ಮ ಹಾಡಿಗೆ ಎಕೋ ಪೂರ್ತಿ ತೆಗೆದುಬಿಡಿ, ಮಾತು ಕ್ಲಿಯರ್ ಆಗಿ ಬರಬೇಕು" ಎಂದು ಹೇಳಿ. ಕೇಳುತ್ತಾರೆ. ಕೈ ಪಳಗಿರುವ ಒಳ್ಳೆಯ ಸೌಂಡಿನವರಿಂದ ನಾನು ಕಲಿತದ್ದು ಬಹಳ.

ವೇದಿಕೆಯ ಮೇಲೆ ಹಾಡುವವರ ಕಡೆ ತಿರುಗಿರುವ ಸ್ಪೀಕರಿನಲ್ಲಿ (ಮಾನಿಟರ್) ಕಂಠ ಮಾತ್ರ ಇರಲಿ. ಶೂರ್ ಎಸ್‌ಎಂ58ನಂಥ ಕಾರ್ಡಿಯಾಯ್ಡ್ ಮೈಕು ತನ್ನ ಬೆನ್ನಿನ ಕಡೆಯ ಶಬ್ದ ಹಿಡಿಯುವುದು ತೀರಾ ಕಡಿಮೆ, ಆದ್ದರಿಂದ ಮಾನಿಟರ್ ಸರಿಯಾಗಿ ಮೈಕಿನ ಬೆನ್ನಿಗೆ ಎದುರಾಗಿರಲಿ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಾಡಿದರೆ ಕೀರಲು ಶುರುವಾಗುತ್ತದೆ, ಪದವೂ ಮಂಕಾಗುತ್ತದೆ. ಗಿಟಾರ್ ಆಂಪನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲಿಟ್ಟು ನುಡಿಸುವವರ ಕಿವಿಯ ಕಡೆ ತಿರುಗಿಸಿ. ತನ್ನದು ತನಗೆ ಕೇಳಿದರೆ ಯಾರೂ ವಾಲ್ಯೂಮ್ ಏರಿಸುವುದಿಲ್ಲ.

ಕರೆಂಟಿನ ವಿಷಯದಲ್ಲಿ ಎಚ್ಚರ. ಒಂದು ಬಡಾವಣೆಯ ಕಾರ್ಯಕ್ರಮದಲ್ಲಿ ಜನರೇಟರಿಗೆ ಅರ್ಥಿಂಗ್ ಕೊಟ್ಟಿರಲಿಲ್ಲ. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದ ನಮ್ಮ ಹಾಡುಗಾರನಿಗೆ ಜೋರಾಗಿ ಹೊಡೆಯಿತು. ಅವತ್ತಿನಿಂದ ನಮ್ಮ ಚೀಲದಲ್ಲಿ ಒಂದು ಮಲ್ಟಿಮೀಟರ್ ಇದೆ. ಹಾಡುವ ಮುನ್ನ ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ನಡುವೆ ವೋಲ್ಟೇಜ್ ಅಳೆಯಿರಿ. ಕೆಲವೇ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಾಗುವವರೆಗೆ ನುಡಿಸಬೇಡಿ, ಎಷ್ಟೇ ತಡವಾಗಲಿ. ವೇದಿಕೆಯ ಎಲ್ಲ ಆಂಪಿಗೂ ಮಿಕ್ಸರಿಗೂ ಒಂದೇ ಕಡೆಯಿಂದ ಕರೆಂಟ್ ಬಂದರೆ ಹಮ್ ಗುಂಯ್‌ಗುಡುವುದೂ ಕಡಿಮೆ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಭಾಷಣ ಉದ್ದವಾಗಿ ನಮ್ಮ 40 ನಿಮಿಷ 20 ಆಗುವುದು ಮಾಮೂಲು. ಹಾಗಾಗಿ 20 ನಿಮಿಷದ ಇನ್ನೊಂದು ಪಟ್ಟಿ ಮೊದಲೇ ಬರೆದು ಡ್ರಮ್ಮರಿನ ಮುಂದೆ ಅಂಟಿಸಿಡಿ. ಅದರಲ್ಲಿ ನಮ್ಮ ಹಾಡು ಮೂರು, ಗೊತ್ತಿರುವುದು ಒಂದು.

ಇಳಿಯುವ ಮುನ್ನ ಸೌಂಡಿನ ಅಣ್ಣನ ಹತ್ತಿರ ಮಿಕ್ಸರಿನ ರೆಕಾರ್ಡಿಂಗ್ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಜೊತೆಗೆ ಜನರ ನಡುವೆ, ಹಿಂದಿನ ಸಾಲಿನ ಕುರ್ಚಿಯಲ್ಲಿ ಒಬ್ಬ ಗೆಳೆಯರನ್ನು ಫೋನು ಹಿಡಿಸಿ ಕೂರಿಸಿರಿ. ಮರುದಿನ ಎರಡನ್ನೂ ಕೇಳಿ. ಮಿಕ್ಸರಿನದರಲ್ಲಿ ಎಲ್ಲವೂ ಚೆನ್ನಾಗಿರುತ್ತದೆ, ಫೋನಿನದರಲ್ಲಿ ನಿಜ ಇರುತ್ತದೆ. ಕಳೆದ ನವೆಂಬರಿನ ಆ ಫೋನಿನ ರೆಕಾರ್ಡಿಂಗನ್ನು ನಾನು ದೊಡ್ಡಮ್ಮನಿಗೆ ಕೇಳಿಸಿದೆ. ಮಕ್ಕಳ ಕೂಗಾಟ, ಚುರುಮುರಿ ಗಾಡಿಯ ಗಂಟೆ, ಜನರೇಟರಿನ ಗುಡುಗುಡು, ಅದರ ನಡುವೆ ನಾವು. ಹಾಳೆಯ ಮೇಲೆ ಅವರು 'ಮರದ ಹನಿಗಳು' ಎಂದು ಬರೆದು, ಎರಡನೇ ಚರಣದ ಮೂರನೇ ಸಾಲಿಗೆ ಖಾಲಿ ಗೆರೆ ಎಳೆದಿದ್ದರು. ಆ ಸಾಲಿನಲ್ಲಿ ಕ್ರ್ಯಾಶ್ ಸಿಂಬಲ್ ಇದೆ. ಬರುವ ಭಾನುವಾರದ ಜ್ಯಾಮ್‌ನಲ್ಲಿ ಅದನ್ನು ತೆಗೆದು ನುಡಿಸಿ ನೋಡಬೇಕು.